ಏಳನೆಯ ಬಾಟಲಿ

ಮಾರ್ಚ್ ೧೯. ಗ್ಲೂಕೋಸ್ ಬಾಟಲಿಗಳು: ನನ್ನ ಎಣಿಕೆಯಲ್ಲಿ ಆರು, ಆಸ್ಪತ್ರೆಯ ಬಿಲ್ಲಿನಲ್ಲಿ ಏಳು.

ನನ್ನ ಹೆಂಡತಿ ಅಲ್ಲಿದ್ದುದು ಮೂವತ್ತಾರು ಗಂಟೆ. ಮಲಗಿದರೆ ಮತ್ತೆ ಏಳುವುದಿಲ್ಲವೆಂಬ ಭಯ ಅವಳದು. ನಾನು ರೆಪ್ಪೆ ಮುಚ್ಚದೆ ಕಾಯುವೆನೆಂದು ಮಾತು ಕೊಟ್ಟಿದ್ದೆ. ಎಚ್ಚರವಿರಲು ಹನಿಗಳನ್ನು ಎಣಿಸಿದೆ: ಇಪ್ಪತ್ತಕ್ಕೆ ಒಂದು ಮಿಲಿಲೀಟರ್, ಬಾಟಲಿಗೆ ಹತ್ತು ಸಾವಿರ. ಕೋಣೆಯೇ ಉಸಿರಾಡುವಂತೆ ಬಿಳಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಪ್ರತಿ ಹನಿಯಲ್ಲೂ ಕಿಟಕಿ ತಲೆಕೆಳಗಾಗಿ ತೂಗಿ, ಬಿದ್ದು, ಮತ್ತೆ ಮೂಡುತ್ತಿತ್ತು. ಅಂಕಿಗಳು ನನ್ನ ಬಾಯಿಂದ ಹೊರಟವೋ ನಳಿಗೆಯಿಂದ ಇಳಿದವೋ ಕ್ರಮೇಣ ತಿಳಿಯದಾಯಿತು.

ಏಳೆಂದು ಒಪ್ಪಿದರೆ, ಒಂದು ಬಾಟಲಿ ಬದಲಾದಾಗ ನಾನು ನಿದ್ರಿಸಿದ್ದೆನೆಂದು ಅವಳೆದುರೇ ಒಪ್ಪಿದಂತೆ. ಅವಳು ಕೌಂಟರಿನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.

ಬಿಲ್ಲಿಂಗ್ ಕೌಂಟರಿನ ಹೆಂಗಸು ನಿಟ್ಟುಸಿರಿಟ್ಟಳು. "ಯಜಮಾನ್ರೆ, ಒಂದು ಬಾಟ್ಲಿಗೆ ಇಷ್ಟೊಂದು ಜಗಳಾನಾ? ತೆಗೆದ್ಹಾಕ್ತೀನಿ ಬಿಡಿ."

"ದಯೆ ಬೇಡಮ್ಮ. ಲೆಕ್ಕ ತೋರ್ಸಿ."

ವಾರ್ಡಿನ ನರ್ಸ್ ಚಾರ್ಟ್ ತಂದು ಬೆರಳಿಟ್ಟಳು. "ನಿನ್ನೆ ಮಧ್ಯಾಹ್ನ ಎರಡೂ ಹತ್ತು. ನಾಲ್ಕನೇದು ತೆಗೆದು ಐದನೇದು ಹಾಕಿದ್ದು ನಾನೇ, ತಾತ."

"ಆಗ ನಾನು ಎಣಿಸ್ತಾನೇ ಇದ್ದೆ."

ಇದ್ದೆ, ನಿಜ. ಆ ಹೊತ್ತು ಚೆನ್ನಾಗಿ ನೆನಪಿತ್ತು: ಹನಿಗಳು ಒಂದೊಂದಾಗಿ, ನಿಧಾನವಾಗಿ, ಮೇಲಕ್ಕೆ ಏರುತ್ತಿದ್ದವು. ಏರಿದವನ್ನು ಮೊತ್ತದಿಂದ ಕಳೆಯುತ್ತ ಹೋಗಿದ್ದೆ. ಅದರಲ್ಲಿ ವಿಚಿತ್ರವೇನೂ ತೋರಿರಲಿಲ್ಲ.

ಈಗ, ಕೌಂಟರಿನ ಮುಂದೆ, ತೋರಿತು.

"ರೀ, ಸಾಕು ಮಾಡಿ" ಎಂದಳು ಹೆಂಡತಿ. "ಗೊರಕೆ ಹೊಡೀತಿದ್ರಿ. ಎಬ್ಬಿಸ್ಬೇಡ ಅಂತ ಈ ಹುಡುಗೀಗೆ ಹೇಳಿದ್ದೇ ನಾನು."

"ನಿಂಗೆ ಭಯ ಆಗ್ಲಿಲ್ವೇನೆ?"

"ಆ ಗೊರಕೆ ಕೇಳಿದ್ರೆ ಯಮನೂ ವಾರ್ಡಿನೊಳಗೆ ಕಾಲಿಡಲ್ಲ."

ನರ್ಸ್ ಬಾಯಿಗೆ ಚಾರ್ಟ್ ಅಡ್ಡ ಹಿಡಿದಳು.

"ಎಷ್ಟು ಹೊತ್ತು ಮಲಗಿದ್ದೆ?"

"ಒಂದು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತೂ ನಿಮ್ಮನ್ನೇ ನೋಡ್ತಾ ಇದ್ದೆ. ಎಣಿಸೋಕೆ ನಂಗೂ ಬರುತ್ತೆ, ಮೇಷ್ಟ್ರೆ."

ಏಳು ಬಾಟಲಿಯ ಹಣ ಕಟ್ಟಿ ರಸೀದಿ ಪಡೆದೆ.

ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಹೇಳದೆ ಕೇಳದೆ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಮರಗಳ ನೆರಳು ಅವಳ ಮುಖದ ಮೇಲೆ ನೀರಿನಂತೆ ಹಾದುಹೋಗುತ್ತಿತ್ತು. ನಾನು ಏನನ್ನೂ ಎಣಿಸಲಿಲ್ಲ, ಅವಳನ್ನು ನೋಡಿದೆ.

ದಾರಿ ಇಪ್ಪತ್ತು ನಿಮಿಷದ್ದು. ಬಾಕಿ, ಒಂದು ಗಂಟೆ ಇಪ್ಪತ್ತು ನಿಮಿಷ.