ಪ್ರಧಾನಿಯ ಹಿಂದಿನ ಕುರ್ಚಿ

ಈಗಲೂ ತಲೆಯಾಡಿಸಬೇಕೇ? ಇದು ತನಗೆ ವೋಟು ಹಾಕಿ ಕಳಿಸಿದ ದ್ವೀಪದ ವಿಷಯವಲ್ಲವೇ? ಒಟ್ಟಾವಾದ ಸಂಸತ್ತಿನಲ್ಲಿ ಪ್ರಧಾನಿಯ ಬೆನ್ನ ಹಿಂದೆ ಕೂತಿದ್ದ ಲಾರ್ನ್ ಹ್ಯಾಸ್ಕೆಟ್ ಯೋಚಿಸುತ್ತಲೇ ಇದ್ದ. ಟೀವಿ ಕ್ಯಾಮೆರಾದ ಕಣ್ಣಿಗೆ ಬೀಳುವ ಆ ಕುರ್ಚಿ ಅವನಿಗೆ ಸಿಕ್ಕಿದ್ದು ಮಾತಿನಿಂದಲ್ಲ, ತಲೆಯಾಡಿಸುವ ಸೊಗಸಿನಿಂದ. ನಾಯಕರು ಏನೇ ಹೇಳಲಿ, ಅದು ತನಗೆ ಈಗಷ್ಟೇ ಹೊಳೆದ ಸತ್ಯವೆಂಬಂತೆ ಗಂಭೀರವಾಗಿ ತಲೆದೂಗುತ್ತಿದ್ದ.

"ಆ ದ್ವೀಪಕ್ಕೆ ಹೋಗೋ ಫೆರಿ ದೋಣಿ ನಿಲ್ಲಿಸಿದ್ರೆ ಅಲ್ಲಿನ ಜನಕ್ಕೇ ಒಳ್ಳೇದು. ನೆಮ್ಮದಿಯಾಗಿ ಮನೇಲಿರ್ತಾರೆ," ಎಂದರು ಪ್ರಧಾನಿ.

ಲಾರ್ನ್ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಅವನ ಕುತ್ತಿಗೆ ಮಾತ್ರ ಆಗಲೇ ಬಂದುಬಿಟ್ಟಿತ್ತು; ತಲೆ ತೂಗುತ್ತಿತ್ತು.

ಸಭೆ ಮುಗಿದು ಹೊರಗೆ ಬರುವಷ್ಟರಲ್ಲಿ ದ್ವೀಪದಿಂದ ಅಮ್ಮನ ಫೋನು.

"ಲೋ ಲಾರ್ನ್, ಟೀವೀಲಿ ನೋಡ್ದೆ ಕಣೋ. ಇನ್ಮೇಲೆ ಹಲ್ಲಿನ ಡಾಕ್ಟರ ಹತ್ರ ಈಜ್ಕೊಂಡು ಹೋಗ್ಲಾ ನಾನು? ಬೇಡ ಅಂತ ಒಂದು ಮಾತು ಹೇಳೋಕೆ ಬಾಯಿಲ್ವಾ ನಿಂಗೆ?"

"ಹೇಳ್ತೀನಮ್ಮ, ಇವತ್ತೇ ಹೇಳ್ತೀನಿ."

ಫೋನಿಡುತ್ತಿದ್ದಂತೆ ಪಕ್ಷದ ಸಚೇತಕಿ ಮ್ಯೂರಿಯಲ್ ಎದುರಾದಳು.

"ಎಂಥಾ ತಲೆಯಾಟ ರೀ ಹ್ಯಾಸ್ಕೆಟ್! ಪ್ರಧಾನಿಗಳಿಗೆ ಭಾರಿ ಖುಷಿ. ಅಲ್ಲಾ, ಫೆರಿ ವಿಷಯದಲ್ಲಿ ನಿಮ್ಗೇನಾದ್ರೂ ಹೇಳೋದಿತ್ತಾ?"

ಇತ್ತು. ಇದೆ ಎಂದು ತಲೆಯಾಡಿಸಿದ.

"ಗೊತ್ತು ಬಿಡ್ರೀ, ನೀವು ಯಾವತ್ತಿದ್ರೂ ನಮ್ ಜೊತೆನೇ," ಎಂದು ಬೆನ್ನು ತಟ್ಟಿ ಅವಳು ನಡೆದುಬಿಟ್ಟಳು.

ವಸಂತದಲ್ಲಿ ಫೆರಿ ನಿಂತಿತು. ನಿಲ್ಲಿಸಬೇಡಿ ಎಂದು ಲಾರ್ನ್ ಯಾರಿಗೂ ಹೇಳಲಿಲ್ಲ.