ಅಣ್ಣನಿರುವ ಸಮಿತಿ

ಆರ್ತಿಕಾಳ ಅಣ್ಣ ಪ್ರನೀಲ್ ಪಕ್ಕದ ದ್ವೀಪದ ಲಂಬಾಸಾ ಊರಿಂದ ಫೋನ್ ಮಾಡಿದನೆಂದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಹಾಸ್ಟೆಲಿನಲ್ಲಿ ನಮ್ಮಿಬ್ಬರದೂ ಒಂದೇ ಕೋಣೆ. ಅವಳೋ ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು.

"ಏ ಗೂಬೆ, ಮತ್ತೆ ಸೋತ್ರಂತೆ?"

"ನಿನ್ನ ಮುಸುಡಿಗೆ! ಗೆದ್ದಿದೀವಿ ಕಣೋ. ನಮ್ಮ ಲೋಸೆ ಕ್ಯಾಪ್ಟನ್ ಆದ್ಮೇಲೆ ನೆಟ್‌ಬಾಲ್‌ನಲ್ಲಿ ಯಾವತ್ತು ಸೋತಿದೀವಿ?"

"ಹಾಗಾದ್ರೆ ನಿನ್ನ ಹೊರಗೆ ಕೂರ್ಸಿದ್ರು ಅನ್ನು."

ಇಬ್ಬರೂ ಬಿದ್ದು ಬಿದ್ದು ನಗುವರು. ಲೋಸೆ ಎಂಬ ನಾನು ಗೋಡೆ ಕಡೆ ತಿರುಗಿ ಮಲಗುವೆ. ಅಣ್ಣನ ಬಾಯಲ್ಲಿ ಗೂಬೆ ಅನ್ನಿಸಿಕೊಳ್ಳುವುದಕ್ಕೂ ಪುಣ್ಯ ಬೇಕು.

ಅಣ್ಣ ನನಗೂ ಇದ್ದಾನೆ. ದೂರದಲ್ಲೇನೂ ಅಲ್ಲ, ಸುವಾ ನಗರದ ಇದೇ ವಿಶ್ವವಿದ್ಯಾಲಯದಲ್ಲಿ. ಸೊಸಾಯಾ ಎಂದರೆ ಕಾವಲುಗಾರನಿಗೂ ಗೊತ್ತು. ರಗ್ಬಿ ತಂಡದ ನಾಯಕ, ವಿದ್ಯಾರ್ಥಿ ಕ್ರೀಡಾ ಸಮಿತಿಯ ಅಧ್ಯಕ್ಷ. ಕುಲಪತಿಗಳ ಕಚೇರಿಯಲ್ಲಿ ಪಟ್ಟು ಹಿಡಿದು ಕೂತು ಹುಡುಗಿಯರ ಅಂಗಳಕ್ಕೆ ದೀಪ ಹಾಕಿಸಿದವನು ಅವನೇ. ಆ ದೀಪದ ಕೆಳಗೆ ನಾನು ಆಡುವುದನ್ನು ಮಾತ್ರ ಅವನು ಒಮ್ಮೆಯೂ ನೋಡಲಿಲ್ಲ.

ಕಡಲು ದಾಟಿ ಇಲ್ಲಿಗೆ ಓದಲು ಬಂದ ಟೋಂಗಾದವರು ನಾವು. ನಮ್ಮಲ್ಲಿ ಹುಡುಗ ಬೆಳೆದ ಮೇಲೆ ಅಕ್ಕತಂಗಿಯರು ಮಲಗುವ ಮನೆಯಲ್ಲಿ ಮಲಗುವಂತಿಲ್ಲ. ಅವರೆದುರು ತಮಾಷೆ ಮಾಡುವಂತಿಲ್ಲ, ಯಾರಾದರೂ ಮಾಡಿದರೆ ಕೇಳಿಸಿಕೊಂಡು ಕೂರುವಂತಿಲ್ಲ. ತಂಗಿ ಒಳಗೆ ಬಂದರೆ ಅಣ್ಣ ಎದ್ದು ಹೊರಗೆ ಹೋಗುತ್ತಾನೆ. ಯಾಕೆಂದರೆ ತಂಗಿ ಮೇಲಿನವಳಂತೆ! ಸುಡುಗಾಡು ಮೇಲು. ನಮ್ಮ ದ್ವೀಪ ವವಾವುವಿನ ಕಡಲಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಈಜುತ್ತಿದ್ದವನು, ನನ್ನ ಮೂಗು ಹಿಂಡಿ ಅಳಿಸುತ್ತಿದ್ದವನು, ಒಂದು ದಿನ ಚಾಪೆ ಸುತ್ತಿಕೊಂಡು ಹುಡುಗರ ಗುಡಿಸಲಿಗೆ ಹೋದ. ಅಂದಿನಿಂದ ನನ್ನ ಮುಖವನ್ನು ನೇರವಾಗಿ ನೋಡಿಲ್ಲ. ಕ್ಯಾಂಟೀನಿಗೆ ನಾನು ಕಾಲಿಟ್ಟರೆ ಸಾಕು, ಮರಗೆಣಸಿನ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಹಿಂಬಾಗಿಲಿನಿಂದ ಹೊರಟುಬಿಡುತ್ತಾನೆ. ಅವನು ಹಸಿದಿರಬಾರದೆಂದು ನಾನು ಕ್ಯಾಂಟೀನಿಗೆ ತಡವಾಗಿ ಹೋಗುವುದನ್ನು ರೂಢಿ ಮಾಡಿಕೊಂಡೆ.

ಅಂಥದ್ದರಲ್ಲಿ ಕ್ರೀಡಾ ಸಮಿತಿಯ ಚುನಾವಣೆ ಬಂತು. ನಮ್ಮ ತಂಡದಿಂದ ಒಬ್ಬರು ನಿಲ್ಲಬೇಕಿತ್ತು.

"ನಾನು ನಿಲ್ತೀನಿ," ಅಂದೆ.

ಆರ್ತಿಕಾ ರೊಟ್ಟಿ ಮುರಿಯುತ್ತಿದ್ದವಳು ಕಣ್ಣರಳಿಸಿದಳು. "ನೀನಾ? ಸಭೆ ಅಂದ್ರೆ ಆಕಳಿಸೋಳು!"

"ಅಲ್ಲಿ ಅಣ್ಣ ಇರ್ತಾನೆ."

"ಅಯ್ಯೋ ಮಾರಾಯ್ತಿ, ಅವನು ಎದ್ದು ಹೋದ್ರೆ?"

"ಅಧ್ಯಕ್ಷ ಎದ್ದು ಹೋಗೋಕಾಗತ್ತೇನೇ? ನಮ್ಮೂರಲ್ಲೂ ಆಫೀಸುಗಳಲ್ಲಿ ಅಣ್ಣ ತಂಗಿ ಒಟ್ಟಿಗೆ ಕೆಲಸ ಮಾಡ್ತಾರೆ. ಕೆಲಸ ಅಂದ್ರೆ ಕೆಲಸ. ವಾರಕ್ಕೊಂದು ಸಲ ಒಂದೇ ಮೇಜು. ಅವನು ನನ್ನನ್ನ ಏನಾದ್ರೂ ಕೇಳ್ತಾನೆ, ನಾನು ಹೇಳ್ತೀನಿ. ಬೈದ್ರೂ ಬೈಯ್ಲಿ. ಅಷ್ಟು ಸಾಕು ನನಗೆ."

ಅವಳು ತಮಾಷೆ ಮಾಡಲಿಲ್ಲ. ಬಾಗಿಲು ಬಾಗಿಲು ತಿರುಗಿ ನನಗೆ ಓಟು ಕೇಳಿದಳು. ನಾನು ಗೆದ್ದೆ.

ಮೊದಲ ಸಭೆಗೆ ದೊಡ್ಡ ಸಮಾರಂಭಕ್ಕೆ ಹೋಗುವಂತೆ ನಮ್ಮೂರ ಪದ್ಧತಿಯಂತೆ ಉಡುಗೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಹೋದೆ. ಎಲ್ಲರೂ ಬಂದಿದ್ದರು. ಮೇಜಿನ ತುದಿಯ ಕುರ್ಚಿ ಖಾಲಿಯಿತ್ತು. ಕಾರ್ಯದರ್ಶಿ ವಾಟಿಸೋನಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಸೊಸಾಯಾ ರಾಜೀನಾಮೆ ಕೊಟ್ಟ, ಲೋಸೆ. ನಮ್ಮ ಹುಡುಗರ ಬಾಯಿ ಸರಿಯಿಲ್ಲ, ತಂಗಿ ಎದುರಿಗೆ ಯಾರಾದ್ರೂ ಏನಾದ್ರೂ ಅಂದ್ರೆ ಕೇಳಿಸ್ಕೊಂಡು ಕೂರೋಕಾಗಲ್ಲ ಅಂದ. ನಾನು ಕೂತಿದ್ರೆ ಅವಳೂ ಬಾಯಿ ಬಿಡಲ್ಲ, ಅವಳ ಮಾತು ಸಮಿತಿಗೆ ಬೇಕು ಅಂದ. ನಿನ್ನನ್ನೇ ಅಧ್ಯಕ್ಷೆ ಮಾಡಿ ಅಂತ ಹೇಳಿ ಹೋದ."

ಎಲ್ಲರೂ ಕೈ ಎತ್ತಿದರು. ಅವನು ಜೀವದ ಹಾಗೆ ನೋಡಿಕೊಂಡಿದ್ದ ಸಮಿತಿ ಅದು. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಅಣ್ಣನ ಜೊತೆ ಕೂರುವ ಆಸೆಗೆ ಅಣ್ಣನನ್ನೇ ಎಬ್ಬಿಸಿಬಿಟ್ಟಿದ್ದೆ.

"ನೀನೂ ಬಿಟ್ಬಿಡೇ, ಅವನು ವಾಪಸ್ ಬರ್ತಾನೆ," ಅಂದಳು ಆರ್ತಿಕಾ, ರಾತ್ರಿ ಕೋಣೆಯಲ್ಲಿ.

"ಅವನು ಕೊಟ್ಟಿದ್ದನ್ನ ಅವನ ಮುಖಕ್ಕೇ ಎಸೀಲಾ?" ಎಂದು ಅವಳ ಮೇಲೆ ರೇಗಿದೆ. ರೇಗಿ, ಅತ್ತೆ.

ಬಿಡಲಿಲ್ಲ. ಹಟಕ್ಕೆ ಬಿದ್ದು ಕೆಲಸ ಮಾಡಿದೆ. ಅವನು ಅರ್ಧಕ್ಕೆ ಬಿಟ್ಟ ಈಜುಕೊಳದ ದುರಸ್ತಿ ಮುಗಿಸಿದೆ. ಅವನಿಗೆ ಸುದ್ದಿ ಮುಟ್ಟಲಿ ಎಂದೇ ಎಲ್ಲವನ್ನೂ ಮಾಡಿದೆ. ಮುಟ್ಟಿತೋ ಇಲ್ಲವೋ ಕೇಳುವವರು ಯಾರು?

ವರ್ಷದ ಕೊನೆಗೆ ಪದಕ ಕೊಡುವ ಸಂಜೆ. ಅತ್ಯುತ್ತಮ ಆಟಗಾರ ಸೊಸಾಯಾ. ಪದಕ ತೊಡಿಸಬೇಕಾದವಳು ಅಧ್ಯಕ್ಷೆ. ತನ್ನ ಬದಲು ಬೇರೆ ಯಾರನ್ನಾದರೂ ಕಳಿಸುತ್ತಾನೆ ಅಂದುಕೊಂಡಿದ್ದೆವು. ಅವನೇ ಬಂದ. ವೇದಿಕೆ ಹತ್ತಿ, ತಲೆ ತಗ್ಗಿಸಿ, ನನ್ನೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಅರ್ಥವಾಗದ ಹುಡುಗರು ನಕ್ಕರು. ಟೋಂಗಾದವರು ಕೂತಿದ್ದ ಕಡೆ ಎಲ್ಲರೂ ತಲೆ ತಗ್ಗಿಸಿದರು; ನಮ್ಮಲ್ಲಿ ಮೇಲಿನವರೆದುರು ಕೂರುವುದು ಹಾಗೆ.

ನಾನು ಬಗ್ಗಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಮುಖ ಗೇಣು ದೂರದಲ್ಲಿತ್ತು. ಎಡ ಹುಬ್ಬನ್ನು ಸೀಳಿಕೊಂಡು ಒಂದು ಉದ್ದನೆಯ ಗಾಯದ ಕಲೆ. ಊರಿಗೆಲ್ಲ ಗೊತ್ತಿದ್ದಿರಬೇಕು. ನನಗೆ ಗೊತ್ತಿರಲಿಲ್ಲ.

"ಇದು ಯಾವಾಗ ಆಯ್ತು?" ಪಿಸುಗುಟ್ಟಿದೆ.

"ಹೋದ ವರ್ಷ. ಹೊಲಿಗೆ ಹಾಕಿದ್ರು." ಅವನು ನೆಲ ನೋಡುತ್ತಲೇ ಇದ್ದ.

"ತುಂಬಾ ನೋವಾಯ್ತಾ?"

ತಲೆಯಾಡಿಸಿದ. ಹೂಂ ಎಂದನೋ ಉಹೂಂ ಎಂದನೋ ತಿಳಿಯಲಿಲ್ಲ. ಪದಕದ ಪಟ್ಟಿ ಅವನ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ನಾನು ಬೇಕೆಂದೇ ತಡಮಾಡಿದೆ. ಅವನೂ ಅಲುಗಾಡದೆ ಕೂತಿದ್ದ.

"ಅಧ್ಯಕ್ಷರೇ, ಮುಂದಿನ ಹೆಸರು," ಎಂದ ವಾಟಿಸೋನಿ ಮೆಲ್ಲಗೆ.

ಪಟ್ಟಿ ಬಿಡಿಸಿದೆ. ಅಣ್ಣ ಎದ್ದು, ನನಗೆ ಬೆನ್ನು ತೋರಿಸದೆ ಹಿಂದಕ್ಕೆ ಸರಿದು, ಮೆಟ್ಟಿಲಿಳಿದು ಹೋದ.