ಮಲಗಿದ ಮೈಯ ದುಡಿಮೆ

ಗೋದಾಮಿನಲ್ಲಿ ಮೂಟೆಗಳು ಮೈಮೇಲೆ ಕುಸಿದು ಬೆನ್ನುಮೂಳೆ ಮುರಿದ ಮೇಲೆ ಅವನು ತನ್ನ ಅಕ್ಕನ ಮನೆ ಸೇರಿದ. ಅಕ್ಕ ಹೊಲಿಗೆಯವಳು. ತಾನು ಕೂತು ಹೊಲಿಯುವ ಕೋಣೆಯಲ್ಲೇ ಅವನಿಗೆ ಮಂಚ ಹಾಕಿಸಿದಳು. ಜೊತೆಯ ಹಮಾಲರು ಅವನನ್ನು ಆನೆ ಎಂದೇ ಕರೆಯುತ್ತಿದ್ದರು. ಹೊರುವುದರಲ್ಲೂ ಉಣ್ಣುವುದರಲ್ಲೂ ಇಬ್ಬರ ಪಾಲು ಅವನೊಬ್ಬನದು. ಈಗ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ.

ಮೊದಲ ವಾರದಿಂದಲೇ ಅವನು ಅರ್ಧ ಊಟಕ್ಕೇ ತಟ್ಟೆ ಸರಿಸತೊಡಗಿದ.

"ಸಾಕಕ್ಕ. ಬಿದ್ಕೊಂಡಿರೋನಿಗೆ ಎಷ್ಟು ಬೇಕು?"

ಅಕ್ಕನಿಗೂ ಅದು ಸರಿಯೆನಿಸಿತು. ಬಲವಂತ ಮಾಡಲಿಲ್ಲ. ಬರಬರುತ್ತಾ ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ನಾಲ್ಕು ತುತ್ತು, ಸಂಜೆ ಒಂದು ಬಟ್ಟಲು ಸೂಪು, ಅಷ್ಟಕ್ಕೇ ಬಂದು ನಿಂತಿತು.

ನಾಲ್ಕನೇ ತಿಂಗಳಲ್ಲಿ ಬೆನ್ನಿನ ಕೆಳಗೆ ಹುಣ್ಣಾಯಿತು. ಅಕ್ಕ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದಳು, ದಿನವೂ ತೊಳೆದು ಪಟ್ಟಿ ಕಟ್ಟಿದಳು. ಹುಣ್ಣು ಮಾಯಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಅವನ ತೂಕ ನೋಡಿ, ರೋಗಿಗಳ ಊಟದ ವಿಚಾರ ನೋಡಿಕೊಳ್ಳುವ ಮೇಡಂ ಅವರನ್ನು ಕರೆಸಿದರು.

ಆಕೆ ಅವನ ಮುಖಕ್ಕೆ ಪಾರದರ್ಶಕ ಮುಸುಕು ಹಾಕಿ, ಅರ್ಧ ಗಂಟೆ ಅಲುಗಾಡದೆ ಮಲಗಿರಲು ಹೇಳಿದರು. ಮೈ ಎಷ್ಟು ಶಕ್ತಿ ಉರಿಸುತ್ತಿದೆಯೆಂದು ಪಕ್ಕದ ಯಂತ್ರ ಅವನ ಉಸಿರಿನಿಂದಲೇ ಅಳೆಯುತ್ತಿತ್ತು.

"ಸಾವಿರದ ನಾನೂರು ಕ್ಯಾಲೊರಿ," ಎಂದರು. "ಸುಮ್ನೆ ಮಲಗಿದ್ರೂ ನಿಮಗೆ ದಿನಕ್ಕೆ ಇಷ್ಟು ಬೇಕು. ನೀವು ತಿಂತಿರೋದು ಅದರ ಅರ್ಧನೂ ಇಲ್ಲ."

"ನಾನೇನೂ ಕೆಲ್ಸ ಮಾಡ್ತಿಲ್ವಲ್ಲ ಮೇಡಂ."

"ನಿಮ್ಮ ಮೈ ಮಾಡ್ತಿದೆ. ಹೃದಯ, ಮಿದುಳು, ಲಿವರ್, ಇವಕ್ಕೆಲ್ಲ ರಜಾ ಇಲ್ಲ. ಊಟ ಸಾಲ್ದೇ ಹೋದ್ರೆ ನಿಮ್ಮ ಮಾಂಸನೇ ಕರಗಿಸ್ಕೊಳ್ತವೆ. ಹುಣ್ಣು ಮಾಯೋಕೆ ಇನ್ನೂ ಜಾಸ್ತಿ ಬೇಕು."

"ಹಾಗಾದ್ರೆ ನಾನು ಪೂರ್ತಿ ಮೈಗಳ್ಳ ಅಲ್ಲ," ಎಂದು ಅವನು ನಗಲು ನೋಡಿದ.

ಅಕ್ಕ ನಗಲಿಲ್ಲ. ಮಂಚದ ಕಂಬಿ ಹಿಡಿದು, "ನಾನೇ ನಿನ್ನ ಉಪವಾಸ ಕೆಡವಿದೆನಲ್ಲೋ," ಎಂದಳು.

"ನೀನಲ್ಲಕ್ಕ." ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಹಸಿವಾಗ್ತಿತ್ತು. ನೀನು ಕಣ್ಣೆದುರಿಗೇ ದುಡೀತಿರ್ತೀಯ. ಬಿದ್ಕೊಂಡು ತಿನ್ನೋಕೆ ನಾಚ್ಕೆ ಆಗ್ತಿತ್ತು."

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು.

ತಿನ್ನುವುದು ಸುಲಭವಾಗಲಿಲ್ಲ. ಬತ್ತಿದ ಹೊಟ್ಟೆ ಮೊದಮೊದಲು ಎಲ್ಲವನ್ನೂ ಹೊರಹಾಕುತ್ತಿತ್ತು. ಮೇಡಂ ಹೇಳಿದಂತೆ ಅಕ್ಕ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಬಂದಳು. ಹುಣ್ಣು ಒಣಗಲು ಐದು ತಿಂಗಳು ಹಿಡಿಯಿತು. ಕಾಲಿಗೆ ಸ್ವಾಧೀನ ಬರಲಿಲ್ಲ, ಬರುವುದೂ ಇಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕೂರುವಷ್ಟು ತ್ರಾಣ ಬಂತು.

ಒಂದು ಮಧ್ಯಾಹ್ನ ಊಟ ಮಾಡುತ್ತಾ ಅವನಾಗಿಯೇ ಕೇಳಿದ, "ಇನ್ನೊಂದು ಮೊಟ್ಟೆ ಇದ್ರೆ ಕೊಡಕ್ಕ."

ಅಕ್ಕ ತನ್ನ ತಟ್ಟೆಯಲ್ಲಿದ್ದುದನ್ನೇ ಎತ್ತಿ ಇಟ್ಟಳು. ಅವನು ಅದನ್ನು ಎರಡು ಹೋಳು ಮಾಡಿ, ಒಂದನ್ನು ಅವಳ ತಟ್ಟೆಗೆ ಹಾಕಿದ.